ಬಾಗಿಲು ಸಂಘ

ಮಂಗಳವಾರ ಆ ಕೋಣೆಯಲ್ಲಿ ದೀಪ ತಪ್ಪುವುದಿಲ್ಲ, ಅಲ್ಲಿ ಆಡಿದ ಮಾತು ಹೊಸ್ತಿಲು ದಾಟುವುದಿಲ್ಲ ಎಂದು ಬೆಳ್ಳಪ್ಪ ಮಾತು ಕೊಟ್ಟಿದ್ದು ಸುಬ್ಬಪ್ಪನವರಿಗೆ. ಅದೂ ಟವೆಲ್ಲಿನ ಕೆಳಗೆ ಕೈ ಹಿಡಿದು. ಆಗ ಬೆಳ್ಳಪ್ಪನ ತಲೆಯ ಮೇಲೆ ಕೂದಲಿತ್ತು, ಸುಬ್ಬಪ್ಪನವರ ಎದೆಯಲ್ಲಿ ಉಸಿರಿತ್ತು. ಈಗ ಎರಡೂ ಇಲ್ಲ. ಮಾತು ಮಾತ್ರ ಇದೆ.

ಸುಬ್ಬಪ್ಪನವರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಜಾತ್ರೆ ಸಂತೆಗಳಲ್ಲಿ ದನದ ವ್ಯಾಪಾರಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ರೇಟು ಮಾತಾಡುವುದನ್ನು ನೋಡಿ ನೋಡಿ, ಮನುಷ್ಯರು ಬಾಯಿಬಿಟ್ಟು ಹೇಳಲಾರದ್ದನ್ನು ಮರೆಯಲ್ಲಾದರೆ ಹೇಳುತ್ತಾರೆ ಎಂದು ಅವರಿಗೆ ಹೊಳೆದಿತ್ತು. ಹಾಗೆ ಹುಟ್ಟಿದ್ದು ಈ ಸಂಘ. ಅದಕ್ಕೆ ಹೆಸರಿಲ್ಲ. “ಹೆಸರಿಟ್ರೆ ಬೋರ್ಡು ಬರೆಸ್ಬೇಕು, ಬೋರ್ಡು ಬರೆಸಿದ್ರೆ ವಾರ್ಷಿಕೋತ್ಸವ ಮಾಡ್ಬೇಕು” ಎನ್ನುತ್ತಿದ್ದರು ಅವರು. ಸಾಗರದವರು ಮೂರ್ನಾಲ್ಕು ಮಂದಿ, ಹೊಸನಗರದಿಂದ ಇಬ್ಬರು, ತೀರ್ಥಹಳ್ಳಿಯಿಂದ ಹೂವಯ್ಯ. ಮಂಗಳವಾರ ಸಂಜೆ ಒಬ್ಬೊಬ್ಬರೇ ಸಾಗರದ ಓಣಿಯೊಂದರಲ್ಲಿ ಬಾಡಿಗೆಗೆ ಹಿಡಿದ ಕೋಣೆಗೆ ಮಹಡಿ ಹತ್ತುವುದು. ಯಾರೂ ಎಣಿಸಬಾರದೆಂದು ಚಪ್ಪಲಿಯನ್ನು ಒಳಗೇ ಬಿಡುವುದು. ಟವೆಲ್ಲಿನ ಕೆಳಗೆ ಕೈ ಕುಲುಕುವುದು. ದೀಪ ಹಚ್ಚುವುದು. ಆಮೇಲೆ ಒಬ್ಬೊಬ್ಬರೂ ಆ ವಾರ ತಮ್ಮನ್ನು ಕೊರೆದ ಒಂದು ದುಃಖವನ್ನು ಹೇಳುವುದು. ಉಳಿದವರು ಉಪದೇಶ ಮಾಡುವಂತಿಲ್ಲ, ಸಮಾಧಾನ ಹೇಳುವಂತಿಲ್ಲ. “ಕೇಳಿದೆವು” ಎನ್ನಬೇಕು, ಅಷ್ಟೇ. ಕೊನೆಗೆ ಅವಲಕ್ಕಿ ತಿಂದು ಮನೆಗೆ.

ಇದರಲ್ಲಿ ಗುಟ್ಟು ಮಾಡುವಂಥದ್ದು ಏನಿದೆ ಎಂದು ಬೆಳ್ಳಪ್ಪ ಒಮ್ಮೆ ಕೇಳಿದ್ದ. “ಗಂಡಸ್ರು ಅಳೋಕೆ ಸೇರ್ತಾರೆ ಅಂತ ಊರಿಗೆ ಗೊತ್ತಾದ್ರೆ ಮುಂದಿನ ವಾರ ನೀನೂ ಬರಲ್ಲ, ನಾನೂ ಬರಲ್ಲ” ಎಂದಿದ್ದರು ಸುಬ್ಬಪ್ಪ.

ಈಗ ಯಾರೂ ಬರುವುದಿಲ್ಲ. ಕೆಲವರು ತೀರಿಕೊಂಡರು, ಕೆಲವರಿಗೆ ಮಂಡಿ ನೋವು ಬಂದು ಮಹಡಿ ದೂರವಾಯಿತು, ಹೂವಯ್ಯ ದೊಡ್ಡ ಮನುಷ್ಯನಾದ. ಉಳಿದದ್ದು ಬೆಳ್ಳಪ್ಪ ಒಬ್ಬ. ಮದುವೆಯಾಗದ, ಐವತ್ತು ದಾಟಿದ ಬೆಳ್ಳಪ್ಪ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸಿನ ಏಜೆಂಟ್. ದಿನವಿಡೀ “ಹೊಸನಗರ, ಹೊಸನಗರ, ತೀರ್ಥಳ್ಳಿ!” ಎಂದು ಕೂಗುತ್ತಾನೆ. ಊರಿಗೆಲ್ಲ ಅವನ ದನಿ ಗೊತ್ತು. ಆ ದನಿಗೆ ಬೇರೆ ಮಾತೂ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಮಂಗಳವಾರ ಅವನು ಕೋಣೆಯಲ್ಲಿ ದೀಪ ಹಚ್ಚಿ, ಖಾಲಿ ಬೆಂಚುಗಳ ಮುಂದೆ ತನ್ನ ದುಃಖ ಹೇಳುತ್ತಾನೆ. ಆಮೇಲೆ ಸುಬ್ಬಪ್ಪನವರ ಗೊಗ್ಗರು ದನಿಯಲ್ಲಿ ಒಮ್ಮೆ, ಹೂವಯ್ಯನ ಕೀರಲು ದನಿಯಲ್ಲಿ ಒಮ್ಮೆ, ಹೊಸನಗರದವರ ಮೂಗಿನ ದನಿಯಲ್ಲಿ ಒಮ್ಮೆ, ತಾನೇ “ಕೇಳಿದೆವು” ಎನ್ನುತ್ತಾನೆ. ವಾರದಲ್ಲಿ ಅವನಿಗೆ ಜೊತೆ ಸಿಗುವ ಹೊತ್ತು ಅದೊಂದೇ.

ಆ ಮಂಗಳವಾರ ಅಮಾವಾಸ್ಯೆಯಾಗಿದ್ದದ್ದು ಬೆಳ್ಳಪ್ಪನ ತಪ್ಪಲ್ಲ. ಎದುರುಮನೆಯ ವೆಂಕಮ್ಮನ ಹುಂಜ ಕಾಣೆಯಾದದ್ದೂ ಅವನ ತಪ್ಪಲ್ಲ. ನಿಂಬೆಹಣ್ಣು ಕೊಂಡದ್ದು ಮಾತ್ರ ಅವನೇ.

“ಬೆಳ್ಳಪ್ಪಣ್ಣ, ನಮ್ಮ ಹುಂಜ ಕಂಡ್ರಾ?” ವೆಂಕಮ್ಮ ಹೂವಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಓಣಿಯ ನಡುವೆ ನಿಂತಿದ್ದಳು. ಮನೆಮನೆಗೆ ಹೂ ಕೊಡುವುದು ಅವಳ ಕಸುಬು. ಹೂವಿನ ಜೊತೆ ಸುದ್ದಿ ಪುಕ್ಕಟೆ.

“ಇಲ್ವಲ್ಲ ವೆಂಕಮ್ಮ.”

“ಬೆಳಿಗ್ಗೆ ಕೂಗಿದ್ದೇ ಕೇಳಿಲ್ಲ ಮಾರಾಯ್ರೆ. ಎದ್ದು ನೋಡ್ತೀನಿ, ಗೂಡು ಖಾಲಿ.” ಅವಳ ಕಣ್ಣು ಅವನ ಕೈಚೀಲಕ್ಕೆ ಬಿತ್ತು. ದೀಪದ ಎಣ್ಣೆ, ಬತ್ತಿ, ಮೇಲೆ ಹಳದಿ ನಿಂಬೆಹಣ್ಣು. “ನಿಂಬೆಹಣ್ಣು ಎಂತಕ್ಕೆ?”

ಅವಲಕ್ಕಿಗೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಯಾವ ಅವಲಕ್ಕಿ, ಯಾರಿಗೆ ಅವಲಕ್ಕಿ ಎಂದು ವೆಂಕಮ್ಮ ಮುಂದಿನ ಪ್ರಶ್ನೆ ಕೇಳದೆ ಬಿಡುವವಳಲ್ಲ. ಅದು ಹೊಸ್ತಿಲ ಒಳಗಿನ ವಿಷಯ. ಬೆಳ್ಳಪ್ಪ ಚೀಲದ ಬಾಯಿ ಮುಚ್ಚಿಕೊಂಡ.

“ಹಿಂಗೇ... ಬೇಕಿತ್ತು.”

ಈ “ಹಿಂಗೇ ಬೇಕಿತ್ತು” ಎನ್ನುವುದು ಅವನಿಗಿಂತ ಮೊದಲು ಓಣಿಯ ತುದಿ ತಲುಪಿತು. ಚೀಲ ಇಡಲೆಂದು ಅವನು ಮಹಡಿ ಹತ್ತಿ ಇಳಿಯುವಷ್ಟರಲ್ಲಿ ಕೆಳಗಿನ ಮಂಜುಶ್ರೀಯ ಟೈಲರ್ ಅಂಗಡಿಯಲ್ಲಿ ಸಭೆ ಸೇರಿಬಿಟ್ಟಿತ್ತು. ಹೊಲಿಗೆ ಮಷಿನ್ ನಿಂತಿತ್ತು. ಮಂಜುಶ್ರೀಯ ಮಷಿನ್ ನಿಲ್ಲುವುದು ಕರೆಂಟು ಹೋದಾಗ, ಇಲ್ಲವೇ ಯಾರದಾದರೂ ಮಾನ ಹೋಗುವಾಗ.

“ನಾನೇ ಕೇಳಿದೀನಿ ಗಜಾನನಣ್ಣ” ಎನ್ನುತ್ತಿದ್ದಳು ಅವಳು. “ಪ್ರತಿ ಮಂಗಳವಾರ ಮೇಲೆ ಮೂರ್ನಾಲ್ಕು ದನಿ. ಒಂದು ಗೊಗ್ಗರು, ಒಂದು ಕೀರಲು. ಇಳಿದು ಬರೋದು ಮಾತ್ರ ಬೆಳ್ಳಪ್ಪಣ್ಣ ಒಬ್ರೇ. ಉಳಿದವ್ರು ಎಲ್ಲಿ ಹೋಗ್ತಾರೆ?”

ಕಟ್ಟಡದ ಯಜಮಾನರು ಗಜಾನನ ಹೆಗಡೆಯವರು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರಾಗಿ ನಿವೃತ್ತರಾದ ಮೇಲೆ ಅವರಿಗೆ ಅನುಮಾನಪಡುವುದೇ ಪೂರ್ತಿ ಹೊತ್ತಿನ ಕೆಲಸ. “ಸುರಂಗ ಇರ್ಬೇಕು” ಎಂದರು ಗಂಭೀರವಾಗಿ. “ಇಕ್ಕೇರಿಗೆ ಹೋಗೋ ಸುರಂಗ ಈ ಕಡೆ ಎಲ್ಲೋ ಇದೆ ಅಂತ ನಮ್ಮ ಅಜ್ಜ ಹೇಳ್ತಿದ್ರು.”

“ಮಹಡಿ ಮೇಲಿಂದ ಸುರಂಗಾನಾ? ಹಂಗಿದ್ರೆ ಅದು ನನ್ನ ಅಂಗಡಿ ಮಧ್ಯೆ ಹಾದೇ ಹೋಗ್ಬೇಕು.”

“ಅದೇ ನೋಡು, ನಿಂಗೂ ಗೊತ್ತಾಗದ ಹಾಗೆ ಮಾಡಿದಾರೆ!”

“ನಿಧಿ ತೆಗಿಯೋರೇ ಇರ್ಬೇಕು” ಎಂದಳು ವೆಂಕಮ್ಮ. “ನಿಧಿಗೆ ಮೊದ್ಲು ಹುಂಜ ಕೇಳತ್ತಂತೆ. ಆಮೇಲೆ ಕುರಿ. ಆಮೇಲೆ...” ಅವಳು ಮುಗಿಸಲಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು, ಕುರಿಯ ನಂತರ ಯಾರ ಸರದಿ ಎಂಬಂತೆ.

ಮೂಲೆಯಲ್ಲಿದ್ದ ಹರ್ಷವರ್ಧನ ಮೊಬೈಲ್ ಎತ್ತಿ ಹಿಡಿದ. ಅವನು ‘ಓಣಿ ಸಿಡಿಲು’ ಎಂಬ ಯೂಟ್ಯೂಬ್ ಚಾನೆಲ್ಲಿನ ಸಂಪಾದಕ, ವರದಿಗಾರ, ಕ್ಯಾಮೆರಾಮನ್. ಬಹಳ ಕಾಲ ವೀಕ್ಷಕನೂ ಅವನೊಬ್ಬನೇ ಆಗಿದ್ದ. “ಅದನ್ನೇ ಇನ್ನೊಂದ್ಸಲ ಹೇಳಿ ವೆಂಕಮ್ಮ. ಕುರಿ ಆದ್ಮೇಲೆ ಸ್ವಲ್ಪ ಅಳಿ.”

ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿದ ಬೆಳ್ಳಪ್ಪ ಬೆಕ್ಕಿನಂತೆ ಇಳಿದು ಬಸ್‌ಸ್ಟ್ಯಾಂಡಿಗೆ ಓಡಿದ.

ಮಧ್ಯಾಹ್ನದ ಹೊತ್ತಿಗೆ ವಿಡಿಯೋ ಬಸ್ ಹತ್ತಿ ಊರೂರು ತಿರುಗಿತ್ತು. ‘ಅಮಾವಾಸ್ಯೆ, ಮಂಗಳವಾರ, ಮಹಡಿ ಕೋಣೆ: ಹುಂಜ ಎಲ್ಲಿ?’ ಬೆಳ್ಳಪ್ಪ ಎಂದಿನಂತೆ “ಹೊಸನಗರ, ಹೊಸನಗರ!” ಎಂದು ಕೂಗಿದ. ಜೀವಮಾನದಲ್ಲಿ ಮೊದಲ ಸಲ ಜನ ಸಾಲಾಗಿ ಬಸ್ ಹತ್ತಿದರು. ಒಬ್ಬರನ್ನೊಬ್ಬರು ತಳ್ಳಲಿಲ್ಲ, ಕಿಟಕಿಯಿಂದ ಕರ್ಚೀಫು ಎಸೆಯಲಿಲ್ಲ. ದಿನಾ ಅವನಿಗೆ ಬೈಯುತ್ತಿದ್ದ ಕಂಡಕ್ಟರ್ “ಬೆಳ್ಳಪ್ಪಣ್ಣೋರೇ, ರೈಟ್ ಹೇಳ್ಲಾ?” ಎಂದು ಅಪ್ಪಣೆ ಕೇಳಿದ. ಟೀ ಅಂಗಡಿಯವನು ಟೀ ಕೊಟ್ಟು ಲೋಟ ವಾಪಸ್ ಬೇಡ ಎಂದ.

ಬ್ಯಾಗ್ ಹಿಡಿದ ಒಬ್ಬ ಗೃಹಸ್ಥರು ಕಂಬದ ಮರೆಗೆ ಅವನನ್ನು ಕರೆದರು. “ನಿಮ್ಮವ್ರು ವಿಧಾನಸೌಧದಲ್ಲೂ ಇದಾರಂತೆ?”

“ನಮ್ಮವ್ರಾ?”

“ಗೊತ್ತು ಬಿಡಿ, ನೀವು ಹೇಳಂಗಿಲ್ಲ. ನನ್ನ ಮಗಳಿಗೆ ಟ್ರಾನ್ಸ್‌ಫರ್ ಆಗ್ಬೇಕಿತ್ತು. ಒಳಗೆ ಒಂದು ಮಾತು ಹಾಕಿ ಅಂತ.” ಅವರು ಕೈ ಮುಗಿದು, ಹಿಂದಕ್ಕೆ ಹೆಜ್ಜೆಯಿಡುತ್ತಾ ಹೋಗಿ ಬಾಳೆಹಣ್ಣಿನ ಗಾಡಿಗೆ ಬಡಿದುಕೊಂಡರು.

ಬೆಳ್ಳಪ್ಪ ಹೆದರಿಹೋದ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಹೇಳಬಲ್ಲ ಸದಸ್ಯ ಹೂವಯ್ಯ ಒಬ್ಬನೇ. ಹಿಂದೊಮ್ಮೆ ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವನು ಅವನೇ. ಟವೆಲ್ಲು ಹಿಂಡಿದರೆ ನೀರು ಬರುತ್ತಿತ್ತು. ಬೆಳ್ಳಪ್ಪ ತೀರ್ಥಹಳ್ಳಿಗೆ ಫೋನ್ ಹಚ್ಚಿದ.

“ಹೂವಯ್ಯನವ್ರೇ, ನಾನು ಬೆಳ್ಳಪ್ಪ. ಸಾಗರ.”

“ಯಾವ ಬೆಳ್ಳಪ್ಪ?”

“ನಮ್ಮ ಮಂಗಳವಾರದ...”

“ಯಾವ ಮಂಗಳವಾರ? ನಂಗೆ ಮಂಗಳವಾರ ಅಂದ್ರೇನು ಅಂತಾನೇ ಗೊತ್ತಿಲ್ಲ!” ಎಂದು ಹೂವಯ್ಯ ಪಕ್ಕದಲ್ಲಿದ್ದವರಿಗೂ ಕೇಳುವಂತೆ ಕೂಗಿದ. ಸ್ವಲ್ಪ ಹೊತ್ತಿಗೆ ದನಿ ತಗ್ಗಿತು. ಬಚ್ಚಲುಮನೆಗೆ ಬಂದಿರಬೇಕು, ನೀರು ಬೀಳುವ ಸದ್ದು. “ಸೊಸೈಟಿ ಎಲೆಕ್ಷನ್ನಿಗೆ ನಿಂತಿದೀನಿ ಮಾರಾಯ. ಆ ವಿಡಿಯೋ ಇಲ್ಲಿಗೂ ಬಂದಿದೆ. ಅಂಥವ್ರನ್ನ ಊರಿಂದ ಓಡಿಸ್ಬೇಕು ಅಂತ ಆಗ್ಲೇ ನಾನೇ ಹೇಳಿಕೆ ಕೊಟ್ಟಿದೀನಿ.”

“ಹಂಗಾದ್ರೆ ನಾನೆಂತ ಮಾಡ್ಲಿ?”

“ನನ್ನ ನಂಬರ್ ಅಳಿಸು.” ಹಾಗೆಂದವನೇ ಕೇಳಿದ, “ಇನ್ನೂ ದೀಪ ಹಚ್ತೀಯಾ ಬೆಳ್ಳಪ್ಪ?”

“ಹಚ್ತೀನಿ.”

ನೀರಿನ ಸದ್ದು ನಿಂತಿತು. ಆಮೇಲೆ ಫೋನು ಕಟ್ಟಾಯಿತು.

ಸಂಜೆಯಾಗುವ ಮೊದಲೇ ಬೆಳ್ಳಪ್ಪ ಓಣಿಗೆ ಬಂದ. ಒಂದು ವಾರ ಬಿಟ್ಟರೆ ಏನಾಗುತ್ತದೆ ಎಂದು ದಾರಿಯುದ್ದಕ್ಕೂ ಯೋಚಿಸಿದ್ದ. ಏನೂ ಆಗುವುದಿಲ್ಲ, ಅದೇ ಅವನಿಗೆ ಹೆದರಿಕೆ. ತಾನು ಹೋಗದಿದ್ದರೂ ಏನೂ ಆಗದ ಜಾಗಗಳು ಅವನಿಗೆ ಬೇಕಾದಷ್ಟಿದ್ದವು. ಮೆಟ್ಟಿಲು ಹತ್ತಿ, ಚಪ್ಪಲಿ ಒಳಗೆ ಬಿಟ್ಟು, ಬಾಗಿಲು ಹಾಕಿ, ದೀಪ ಹಚ್ಚಿದ. ಅವಲಕ್ಕಿಗೆ ನಿಂಬೆ ಹಿಂಡಿ ಕಲಸಿಟ್ಟ.

“ಈ ವಾರ” ಎಂದು ಶುರುಮಾಡಿದ, “ಹೂವಯ್ಯ ನನ್ನ ಗುರ್ತು ಇಲ್ಲ ಅಂದ.”

ಗೊಗ್ಗರು ದನಿ ತೆಗೆದ: “ಕೇಳಿದೆವು.” ಮುಂದೆ ಕೀರಲು ದನಿಯ ಸರದಿ. ಅದು ಹೂವಯ್ಯನ ದನಿ. ಆದರೂ ಹೇಳಿದ: “ಕೇಳಿದೆವು.”

ಬಾಗಿಲು ಧಡಾರನೆ ತೆರೆಯಿತು. ಗಜಾನನ ಹೆಗಡೆಯವರ ಕೈಯಲ್ಲಿ ಇನ್ನೊಂದು ಕೀಲಿ, ಅವರ ಬೆನ್ನಿಗೆ ಒನಕೆ ಹಿಡಿದ ವೆಂಕಮ್ಮ, ಬಟ್ಟೆ ಕತ್ತರಿಸುವ ಕತ್ತರಿ ಹಿಡಿದ ಮಂಜುಶ್ರೀ, ಎಲ್ಲರಿಗಿಂತ ಹಿಂದೆ ಮೊಬೈಲನ್ನು ಮಾತ್ರ ಮುಂದೆ ಚಾಚಿದ ಹರ್ಷವರ್ಧನ.

“ಯಾರೂ ಅಲ್ಲಾಡ್ಬೇಡಿ!” ಎಂದು ಕೂಗಿದರು ಹೆಗಡೆಯವರು. ಅಲ್ಲಾಡಲು ಬೆಳ್ಳಪ್ಪ ಒಬ್ಬನೇ ಇದ್ದ; ಅವನು ಅಲ್ಲಾಡಲಿಲ್ಲ.

ಬೆಂಚಿನ ಕೆಳಗೆ ಹುಡುಕಿದರು. ಗೋಡೆ ತಟ್ಟಿದರು. ಮಂಜುಶ್ರೀ ನೆಲಕ್ಕೆ ಕಿವಿಯಿಟ್ಟು ತನ್ನದೇ ಅಂಗಡಿಯ ಫ್ಯಾನಿನ ಸದ್ದು ಕೇಳಿ “ಕೆಳಗೆ ಏನೋ ತಿರುಗ್ತಿದೆ!” ಎಂದಳು. ಹೆಗಡೆಯವರು ನಡುಕೋಣೆಯಲ್ಲಿ ನಿಂತು, ತಮ್ಮ ಮನೆಮಾತಿಗೆ ಜಾರಿ, “ಎಂತದೂ ಇಲ್ಲೆ!” ಎಂದರು. ಆ ದನಿಯಲ್ಲಿ ಮೋಸಹೋದ ನೋವಿತ್ತು.

“ಉಳಿದವ್ರು ಎಲ್ಲಿ ಬೆಳ್ಳಪ್ಪ? ಈಗಷ್ಟೇ ಮಾತು ಕೇಳ್ಸ್ತು.”

ಉಳಿದವರು ಯಾರೂ ಇಲ್ಲ ಎನ್ನುವುದೇ ಆ ಕೋಣೆಯ ಗುಟ್ಟುಗಳಲ್ಲೆಲ್ಲ ದೊಡ್ಡ ಗುಟ್ಟಾಗಿತ್ತು. “ಹೇಳಂಗಿಲ್ಲ” ಎಂದ ಬೆಳ್ಳಪ್ಪ.

“ಇಲ್ಲಿ ಎಂತ ಮಾಡ್ತೀರಿ?”

“ಹೇಳಂಗಿಲ್ಲ.”

“ನನ್ನ ಹುಂಜ ಎಲ್ಲಿ?” ವೆಂಕಮ್ಮ ಒನಕೆ ಎತ್ತಿದಳು.

“ಅದು ನಂಗೆ ಗೊತ್ತಿಲ್ಲ.”

“ನೋಡಿ, ನೋಡಿ! ಅದಕ್ಕೆ ಮಾತ್ರ ‘ಹೇಳಂಗಿಲ್ಲ’ ಅನ್ಲಿಲ್ಲ, ‘ಗೊತ್ತಿಲ್ಲ’ ಅಂದ್ರು!” ಎಂದ ಹರ್ಷವರ್ಧನ, ಕ್ಯಾಮೆರಾಕ್ಕೆ.

ಅಷ್ಟರಲ್ಲಿ ತಾರಸಿಯ ಮೆಟ್ಟಿಲಿಂದ ಟಪಟಪ ಸದ್ದು ಇಳಿದು ಬಂತು. ವೆಂಕಮ್ಮನ ಹುಂಜ ಕೊರಳು ಕೊಂಕಿಸಿ ಒಳಗೆ ಬಂದು, ನೆರೆದವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ನೇರವಾಗಿ ಅವಲಕ್ಕಿಯ ಪಾತ್ರೆಗೆ ಕೊಕ್ಕು ಹಾಕಿತು. ಏಳೆಂಟು ಮಂದಿಯ ಅವಲಕ್ಕಿ ಕಲಸಿ ಒಬ್ಬನೇ ತಿನ್ನುವವನು ಮಿಕ್ಕಿದ್ದನ್ನು ಯಾರಿಗೆ ಹಾಕುತ್ತಾನೆ? ಮಂಗಳವಾರ ಅದಕ್ಕೂ ಗೊತ್ತಿತ್ತು. ಈ ಸಲ ಬೆಳಿಗ್ಗೆಯೇ ಬಂದು ತಾರಸಿಯಲ್ಲಿ ಕಾದಿತ್ತು, ಅಷ್ಟೇ.

ಬೆಳ್ಳಪ್ಪ ಉಸಿರು ಬಿಟ್ಟ. ಮುಗಿಯಿತಲ್ಲ ಎಂದುಕೊಂಡ.

ವೆಂಕಮ್ಮ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದಳು. “ಬದುಕಿಸಿದಾರೆ” ಎಂದಳು ಪಿಸುದನಿಯಲ್ಲಿ.

“ಏನು?”

“ಬೆಳಿಗ್ಗೆ ಕೊಯ್ದು ಈಗ ಬದುಕಿಸಿದಾರೆ! ನೋಡಿ, ಅದು ನನ್ನ ಮುಖಾನೇ ನೋಡ್ತಿಲ್ಲ!”

ಹುಂಜ ಕೊಯ್ಯುವವನಾದರೆ ಪೊಲೀಸರಿಗೆ ಹೇಳಬಹುದು. ಕೊಯ್ದು ಬದುಕಿಸುವವನನ್ನು ಏನು ಮಾಡುವುದು? ಹೆಗಡೆಯವರು ದನಿ ಇಳಿಸಿದರು. “ನೋಡು ಬೆಳ್ಳಪ್ಪ, ನಂಗೆ ನಿನ್ನ ಮೇಲೆ ಸಿಟ್ಟಿಲ್ಲ ಮಾರಾಯ. ಒಂದೇ ಮಾತು. ಇಲ್ಲಿ ನಡೆಯೋದು ಎಂತದು ಅಂತ ಹೇಳ್ಬಿಡು, ಕೋಣೆ ನಿಂದೇ. ಇಲ್ಲಾಂದ್ರೆ ಕೀಲಿ ಇಲ್ಲಿಡು.”

ಬೆಳ್ಳಪ್ಪ ಅವರೆಲ್ಲರ ಮುಖ ನೋಡಿದ. ಒಂದೇ ಒಂದು ವಾಕ್ಯ. ಇಲ್ಲಿ ಕೆಲವರು ಗಂಡಸರು ಬಂದು ಅಳುತ್ತಿದ್ದರು. ಈಗ ನಾನೊಬ್ಬ ಬಂದು ಅಳುತ್ತೇನೆ. ಹೇಳಿದರೆ ನಗುತ್ತಾರೆ, ನಕ್ಕು ಬಿಟ್ಟುಬಿಡುತ್ತಾರೆ. ಸತ್ತ ಸುಬ್ಬಪ್ಪನವರನ್ನೂ ಸೇರಿಸಿ ನಗುತ್ತಾರೆ. ಎಲೆಕ್ಷನ್ನಿಗೆ ನಿಂತ ಹೂವಯ್ಯನನ್ನೂ ಬಿಡುವುದಿಲ್ಲ.

ಅವನು ಸೊಂಟದಿಂದ ಕೀಲಿ ಬಿಚ್ಚಿ ಬೆಂಚಿನ ಮೇಲಿಟ್ಟ. ದೀಪದ ಬತ್ತಿಯನ್ನು ಸ್ವಲ್ಪ ಮುಂದೆ ಮಾಡಿ, ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಬಂದ.

ಒಳಗೆ ಉಳಿದ ನಾಲ್ವರಿಗೆ ಕೋಣೆಯೇನೋ ಸಿಕ್ಕಿತು, ಆದರೆ ಸಂಘ ಸಿಗಲಿಲ್ಲವಲ್ಲ! ಉಳಿದವರು ಯಾವಾಗ ಬೇಕಾದರೂ ಬರಬಹುದು. ಕೂಡಲೇ ಅಲ್ಲೇ ‘ಓಣಿ ರಕ್ಷಣಾ ಸಮಿತಿ’ ಹುಟ್ಟಿತು. ಅವರು ಸೇರುತ್ತಿದ್ದ ದಿನವೇ ಕಾಯಬೇಕಾದ್ದರಿಂದ ಪ್ರತಿ ಮಂಗಳವಾರ ಇಲ್ಲೇ ಸಭೆ ಎಂದಾಯಿತು. ಸಮಿತಿಯ ಮಾತು ಬೆಳ್ಳಪ್ಪನ ಕಿವಿಗೆ ಬೀಳಬಾರದೆಂದು ಬಾಗಿಲು ಹಾಕಿದರು. ಯಾರು ಯಾರು ಬಂದಿದ್ದಾರೆಂದು ಅವನಿಗೆ ತಿಳಿಯಬಾರದೆಂದು ಚಪ್ಪಲಿ ಒಳಗೆ ತೆಗೆದುಕೊಂಡರು. ಒಳಗಿನದನ್ನು ಹೊರಗೆ ಹೇಳುವುದಿಲ್ಲವೆಂದು ಉರಿಯುವ ದೀಪ ಮುಟ್ಟಿ ಆಣೆ ಮಾಡಿದರು. ಮೊಬೈಲ್ ಕೂಡ ಆರಿಸಿಡಬೇಕೆಂದು ಮಂಜುಶ್ರೀ ಹರ್ಷವರ್ಧನನಿಗೆ ಕತ್ತರಿ ತೋರಿಸಿದಳು.

ಬೆಳ್ಳಪ್ಪ ಹೋಗಲಿಲ್ಲ. ಮಂಗಳವಾರ ಆ ಹೊತ್ತಿಗೆ ಹೋಗುವುದಕ್ಕೆ ಅವನಿಗೆ ಬೇರೆ ಜಾಗವೇ ಗೊತ್ತಿರಲಿಲ್ಲ. ಕತ್ತಲಾಗುತ್ತಿದ್ದ ಮೆಟ್ಟಿಲ ಮೇಲೆ ಕೂತ.

ಒಳಗೆ ಸಮಿತಿಯವರು ಅವನ ಬಗ್ಗೆ ಹೇಳುವುದೆಲ್ಲ ಬೇಗ ಮುಗಿದುಹೋಯಿತು. ಅವನ ಬಗ್ಗೆ ಹೇಳಲು ಹೆಚ್ಚೇನೂ ಇರಲಿಲ್ಲ. ಎದ್ದು ಹೋಗಲು ಯಾರಿಗೂ ಮನಸ್ಸಿದ್ದಂತೆ ಕಾಣಲಿಲ್ಲ. ಒಳಗೆ ಹುಂಜ ಅವಲಕ್ಕಿ ಕುಕ್ಕುವ ಸದ್ದು.

“ಇವತ್ತು ಬೆಳಿಗ್ಗೆ ಇದು ಕೂಗ್ಲಿಲ್ಲ ನೋಡಿ” ಎಂದಳು ವೆಂಕಮ್ಮ, ಇದ್ದಕ್ಕಿದ್ದಂತೆ. “ದಿನಾ ಕೂಗ್ದಾಗ ನಾನು ‘ಹೂಂ, ಎದ್ದೆ ಕಣೋ’ ಅಂತೀನಿ. ಹೊರಗೆ ಊರಿಗೆಲ್ಲ ಮಾತಾಡ್ತೀನಿ ಬಿಡಿ. ಮನೆ ಒಳಗೆ ನಾನು ಆಡೋ ಮಾತು ಅದೊಂದೇ. ಇವತ್ತು ಅದೂ ಇಲ್ಲ ಅಂತ... ಅದಕ್ಕೇ ಅಷ್ಟು ರಂಪ ಮಾಡ್ದೆ.”

ಬೆಳ್ಳಪ್ಪನ ನಾಲಿಗೆಗೆ ಆ ಪದ ತಾನಾಗಿ ಬಂತು. ಅವನು ಕೈಯಿಂದ ಬಾಯಿ ಮುಚ್ಚಿಕೊಂಡ.

“ಕೇಳ್ದೆ ವೆಂಕಮ್ಮ” ಎಂದಳು ಮಂಜುಶ್ರೀ ಒಳಗೆ, ಮೆಲ್ಲಗೆ.

ಆಮೇಲೆ ಹೆಗಡೆಯವರು ಕೆಮ್ಮಿದರು. ಗಂಟಲು ಸರಿಮಾಡಿಕೊಂಡು, ಮತ್ತೆ ಮನೆಮಾತಿಗೆ ಜಾರಿ, ಯಾರಿಗೂ ಅಲ್ಲ, ದೀಪಕ್ಕೆ ಹೇಳುವವರಂತೆ, “ಆನು ದಿನಾ ಬೆಳಗ್ಗೆ ಎಲ್ಲರಿಗೂ ಗುಡ್ ಮಾರ್ನಿಂಗ್ ಕಳಸ್ತಿ” ಎಂದರು. “ಹೂವಿನ ಚಿತ್ರ ಹಾಕಿ. ಒಬ್ಬಂದೂ ಉತ್ತರ ಇಲ್ಲೆ.”

“ನನ್ನ ಚಾನೆಲ್ ಇವತ್ತೇ ಮೊದ್ಲು ಜನ ನೋಡಿದ್ದು” ಎಂದ ಹರ್ಷವರ್ಧನ. “ಅದೂ ಸುಳ್ಳು ಹೇಳಿದ್ದಕ್ಕೆ.”

ಮಂಜುಶ್ರೀ ಏನು ಹೇಳಿದಳೋ ಅಳುವಿನಲ್ಲಿ ಕೇಳಿಸಲಿಲ್ಲ. ಆದರೂ ಉಳಿದವರು “ಕೇಳಿದ್ವಿ, ಕೇಳಿದ್ವಿ” ಎಂದರು. ಬಟ್ಟಲ ಸದ್ದಾಯಿತು. ಮಿಕ್ಕ ಅವಲಕ್ಕಿಯನ್ನು ಹಂಚಿಕೊಂಡರು. ಕೊನೆಗೆ ಯಾರೋ ನಕ್ಕರು, ಎಲ್ಲರೂ ನಕ್ಕರು. ಆ ಕೋಣೆ ನಗುವುದನ್ನು ಬೆಳ್ಳಪ್ಪ ಕೇಳಿ ಎಷ್ಟೋ ವರ್ಷವಾಗಿತ್ತು.

ಬಾಗಿಲು ತೆರೆಯಿತು. ಚಪ್ಪಲಿ ಕೈಯಲ್ಲಿ ಹಿಡಿದು, ಕಣ್ಣೊರೆಸಿಕೊಳ್ಳುತ್ತಾ ಒಬ್ಬೊಬ್ಬರೇ ಹೊರಬಂದರು. ಮೆಟ್ಟಿಲ ಮೇಲೆ ಅವನನ್ನು ಕಂಡು ನಾಲ್ವರೂ ಕಳ್ಳರಂತೆ ನಿಂತರು.

“ನೀನು ಇಲ್ಲೆಂತ ಮಾಡ್ತೀಯ?” ಎಂದರು ಹೆಗಡೆಯವರು.

“ಮುಂದಿನ ಮಂಗಳವಾರ...” ಬೆಳ್ಳಪ್ಪ ಎದ್ದು ನಿಂತ. “ನಾನೂ ಬರ್ಲಾ?”

ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ಹೆಗಡೆಯವರ ದನಿ ಮೃದುವಾಗಿಯೇ ಇತ್ತು. “ಅದು ಹ್ಯಾಂಗಾಗ್ತದೆ ಮಾರಾಯ? ಸಮಿತಿ ಇರೋದೇ ನಿನ್ನ ಮೇಲೆ ಕಣ್ಣಿಡೋಕೆ. ನೀನೇ ಒಳಗೆ ಬಂದ್ರೆ ಸಮಿತಿ ಎಂತಕ್ಕೆ? ಆಮೇಲೆ ನಾವು ಸೇರೋದು ಯಾವ ನೆವಕ್ಕೆ?”

“ಒಳಗೆ ಎಂತ ಮಾತಾಡಿದ್ರಿ?”

“ಅದನ್ನ ಹೇಳಂಗಿಲ್ಲ ಬೆಳ್ಳಪ್ಪಣ್ಣ” ಎಂದಳು ವೆಂಕಮ್ಮ, ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು. “ಆಣೆ ಮಾಡಿದೀವಿ.”

ನಾವೂ ಇದನ್ನೇ ಮಾಡುತ್ತಿದ್ದದ್ದು ಎಂದರೆ ಸಾಕಿತ್ತು. ಅವರು ಅವನ ಕೈ ಹಿಡಿದು ಒಳಗೆ ಕರೆದೊಯ್ಯುತ್ತಿದ್ದರು. ಆ ಮಾತು ಅವನ ತುಟಿಯವರೆಗೆ ಬಂತು. ಅವನು ಗೋಡೆಗೆ ಸರಿದು ಅವರಿಗೆ ದಾರಿ ಬಿಟ್ಟ. ನಾಲ್ವರೂ ಇಳಿದು ಹೋದರು. ಓಣಿಯ ತಿರುವಿನಲ್ಲಿ ಅವರ ಪಿಸುಮಾತು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.

ಹೇಳಿಕೊಳ್ಳಬೇಕಾದ ದುಃಖ ಅವನಿಗೆ ಈ ವಾರ ನಿಜವಾಗಿ ಒಂದಿತ್ತು. ಹೇಳಿಕೊಳ್ಳುವ ಕೋಣೆಗೆ ಬೀಗ ಬಿದ್ದಿತ್ತು.

ಅಲ್ಲಿಂದ ಮುಂದೆಯೂ ಮಂಗಳವಾರ ದೀಪ ತಪ್ಪಲಿಲ್ಲ, ಸಮಿತಿಯವರು ಹಚ್ಚಿದರು. ಒಳಗಿನ ಮಾತನ್ನು ಬೆಳ್ಳಪ್ಪ ಯಾರಿಗೂ ಹೇಳಲಿಲ್ಲ. ಸುಬ್ಬಪ್ಪನವರಿಗೆ ಕೊಟ್ಟ ಮಾತು ಉಳಿಯಿತು.